ಸ್ಕಾಟ್ಲೆಂಡ್ ಹೊರಟರೆ ಉಳಿದ ಬ್ರಿಟನ್ನಿನ ಗತಿ ಏನು?

ತೀರ್ಥಹಳ್ಳಿ ತೋಟದವರು:
ಅಣ್ಣನ ಮಗಳು ಎಡಿನ್‌ಬರೋದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಫೋನಿನಲ್ಲಿ ಮಾತಾಡುವಾಗ ಸ್ಕಾಟ್ಲೆಂಡ್ ಬೇರೆ ದೇಶವಾಗುವ ಮಾತು ಬಂತು. ಅವಳ ಕ್ಲಾಸಿನಲ್ಲೇ ಈ ವಿಷಯಕ್ಕೆ ಜಗಳ ಆಗುತ್ತದಂತೆ. ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲ ಕಡೆ ಕೇಳುವುದು ಒಂದೇ: ಸ್ಕಾಟ್ಲೆಂಡ್ ಬದುಕುತ್ತದಾ, ಯಾವ ನೋಟು ಬಳಸುತ್ತದೆ, ಪಿಂಚಣಿ ಯಾರು ಕೊಡುತ್ತಾರೆ. ಹಿಂದೆ ಉಳಿಯುವ ದೇಶದ ಬಗ್ಗೆ ಬರೆದವರು ಬಹಳ ಕಡಿಮೆ.

2014ರ ಸೆಪ್ಟೆಂಬರ್ 18ರಂದು ಅಲ್ಲಿ ಜನಮತ ನಡೆಯಿತು. ಶೇ 55 ಜನ ಬೇಡ ಅಂದರು, ಶೇ 45 ಜನ ಬೇಕು ಅಂದರು. ಇನ್ನು ಐದಾರು ಪರ್ಸೆಂಟ್ ಜನ ಮನಸ್ಸು ಬದಲಿಸಿದ್ದರೆ 1707ರಿಂದ ಒಂದಾಗಿದ್ದ ದೇಶ ಒಡೆಯುತ್ತಿತ್ತು. ಆಗ ಲಂಡನ್ನಿನವರಿಗೆ, ವೇಲ್ಸಿನವರಿಗೆ ಏನಾಗುತ್ತಿತ್ತು? ಬೇರೆ ದೇಶಗಳಲ್ಲಿ ಆದದ್ದು ಗೊತ್ತಿದ್ದರೂ ಬರೆಯಿರಿ.

ಸಾಗರದ ಮಾಣಿ:
ಏನೂ ಆಗುವುದಿಲ್ಲ ಮಾರಾಯ್ರೇ. ಸ್ಕಾಟ್ಲೆಂಡಿನ ಜನ ಸುಮಾರು 55 ಲಕ್ಷ. ಇಡೀ ಬ್ರಿಟನ್ ಸುಮಾರು 6.9 ಕೋಟಿ. ಹನ್ನೆರಡರಲ್ಲಿ ಒಂದು ಪಾಲು. ಜೊತೆಗೆ ಸ್ಕಾಟ್ಲೆಂಡಿನಲ್ಲಿ ತಲೆಗೆ ಖರ್ಚಾಗುವ ಸರ್ಕಾರದ ಹಣ ಬ್ರಿಟನ್ನಿನ ಸರಾಸರಿಗಿಂತ ಜಾಸ್ತಿ. ಹೋದರೆ ಇಂಗ್ಲೆಂಡಿಗೆ ದುಡ್ಡು ಉಳಿಯುತ್ತದೆ.

ಕೊಪ್ಪದ ಅಕ್ಕ:
ಜನ ಹನ್ನೆರಡರಲ್ಲಿ ಒಂದು ಪಾಲು, ಸರಿ. ನೆಲ ಮೂರರಲ್ಲಿ ಒಂದು ಪಾಲು. ಸಮುದ್ರ, ಗಾಳಿಯಂತ್ರ, ಎಣ್ಣೆಬಾವಿ ಎಲ್ಲ ಆ ಕಡೆ ಇವೆ. ತಲೆ ಎಣಿಸಿದರೆ ಮುಗಿಯಿತಾ?

ನಿವೃತ್ತ ಬ್ಯಾಂಕಿನವರು:
ಸಾಲದಿಂದ ಶುರು ಮಾಡುತ್ತೇನೆ. ನಾನು ಬದುಕಿಡೀ ನೋಡಿದ್ದು ಅದನ್ನೇ.

2014ರ ಜನವರಿಯಲ್ಲಿ, ಜನಮತಕ್ಕೆ ಇನ್ನೂ ಎಂಟು ತಿಂಗಳಿರುವಾಗ, ಬ್ರಿಟನ್ನಿನ ಖಜಾನೆ ಇಲಾಖೆ ಒಂದು ಘೋಷಣೆ ಮಾಡಿತು. ಬೇರೆಯಾಗುವ ದಿನದವರೆಗೆ ಸರ್ಕಾರ ಎತ್ತಿದ ಅಷ್ಟೂ ಸಾಲಕ್ಕೆ ನಾವೇ ಹೊಣೆ, ಸ್ಕಾಟ್ಲೆಂಡಿನ ಪಾಲನ್ನು ಆಮೇಲೆ ಅವರ ಜೊತೆ ಕೂತು ಇತ್ಯರ್ಥ ಮಾಡುತ್ತೇವೆ ಅಂತ. ಯಾಕೆ ಹೇಳಬೇಕಾಯಿತು? ಸಾಲ ಕೊಟ್ಟವರು ಹೆದರಿದರೆ ಅವತ್ತಿನಿಂದಲೇ ಬಡ್ಡಿ ಏರುತ್ತದೆ.

ಅಣ್ಣತಮ್ಮಂದಿರು ಪಾಲಾದಾಗ ನಮ್ಮಲ್ಲಿ ಏನಾಗುತ್ತದೆ ನೋಡಿ. ಸೊಸೈಟಿ ಸಾಲ ಹಿರಿಯಣ್ಣನ ಹೆಸರಿನಲ್ಲಿ ಇರುತ್ತದೆ. ತಮ್ಮ ತನ್ನ ಪಾಲಿನ ಕಂತು ಕೊಡುತ್ತೇನೆ ಅಂತ ಬಾಯಲ್ಲಿ ಹೇಳಿರುತ್ತಾನೆ. ಕೊಡದಿದ್ದರೆ ಸೊಸೈಟಿಯವರು ಬರುವುದು ಅಣ್ಣನ ಮನೆಗೆ. ಹೆಸರು ಉಳಿಸಿಕೊಂಡವನಿಗೆ ಸಾಲವೂ ಉಳಿಯುತ್ತದೆ.

ಇಲ್ಲಿ ಇನ್ನೊಂದು ಗಂಟು ಬಿತ್ತು. 2014ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಪೌಂಡನ್ನು ಹಂಚಿಕೊಳ್ಳುವುದಿಲ್ಲ ಅಂದರು. ಆ ಕಡೆಯಿಂದ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್, ಪೌಂಡ್ ಇಲ್ಲದಿದ್ದರೆ ಸಾಲದ ಪಾಲೂ ಇಲ್ಲ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಮಾಣಿಯವರೇ, ನೀವು ಹೇಳುವ ಉಳಿತಾಯ ಈ ಒಂದು ಜಗಳದಲ್ಲೇ ಕರಗಬಹುದು.

ಸಾಗರದ ಮಾಣಿ:
ಎಣ್ಣೆಯ ಲೆಕ್ಕ ಸೇರಿಸಿ ಸರ್. 2014ರ ಮಧ್ಯದಲ್ಲಿ ಕಚ್ಚಾ ಎಣ್ಣೆ ಬ್ಯಾರೆಲ್ಲಿಗೆ 100 ಡಾಲರ್ ಮೇಲಿತ್ತು. 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಬಿತ್ತು. ಉತ್ತರ ಸಮುದ್ರದ ಎಣ್ಣೆ ಉತ್ಪಾದನೆ 1999ರಲ್ಲೇ ಶಿಖರ ಮುಟ್ಟಿ ಇಳಿಯುತ್ತಾ ಬಂದಿದೆ. ಉಳಿದ ಬ್ರಿಟನ್ ಕಳೆದುಕೊಳ್ಳುತ್ತಿದ್ದದ್ದು ಇಳಿಯುತ್ತಿರುವ ಆದಾಯ.

ಹೊಸನಗರ ಮಾಜಿ ಸೈನಿಕ:
ದುಡ್ಡಿನ ಮಾತು ಆಯಿತು. ನೆಲೆಯ ಮಾತು ಯಾರೂ ಎತ್ತಲಿಲ್ಲ.

ಬ್ರಿಟನ್ನಿನ ಅಣ್ವಸ್ತ್ರ ಇರುವುದು ಜಲಾಂತರ್ಗಾಮಿಗಳಲ್ಲಿ ಮಾತ್ರ. ವ್ಯಾನ್‌ಗಾರ್ಡ್ ವರ್ಗದ ನಾಲ್ಕು ಜಲಾಂತರ್ಗಾಮಿಗಳು. ಅವು ನಿಲ್ಲುವ ಜಾಗ ಫಾಸ್‌ಲೇನ್, ಗ್ಲಾಸ್ಗೋ ಹತ್ತಿರ. ಸಿಡಿತಲೆಗಳನ್ನು ಇಡುವುದು ಪಕ್ಕದ ಕೂಲ್‌ಪೋರ್ಟಿನಲ್ಲಿ. ಎರಡೂ ಸ್ಕಾಟ್ಲೆಂಡಿನಲ್ಲಿವೆ. ಬೇರೆಯಾಗಬೇಕು ಅನ್ನುವ ಎಸ್‌ಎನ್‌ಪಿ ಪಕ್ಷ ಅಣ್ವಸ್ತ್ರ ನಮ್ಮ ನೆಲದಲ್ಲಿ ಬೇಡ ಅಂತ ಮೊದಲಿನಿಂದ ಹೇಳುತ್ತಿದೆ.

ಇಂಗ್ಲೆಂಡಿಗೆ ಸಾಗಿಸಬಹುದು ಅಂತ ಸುಲಭವಾಗಿ ಹೇಳುತ್ತಾರೆ. ಆಳವಾದ ನೀರು ಬೇಕು. ಸಿಡಿತಲೆ ಇಡಲು ಊರಿನಿಂದ ದೂರದ ಜಾಗ ಬೇಕು. ಡೆವನ್‌ಪೋರ್ಟ್ ಇದೆ, ಆದರೆ ಅದು ಪ್ಲಿಮತ್ ನಗರಕ್ಕೆ ಅಂಟಿಕೊಂಡಿದೆ. ಹೊಸದಾಗಿ ಕಟ್ಟಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಇನ್ನೊಂದು ದೇಶದ ನೆಲದಲ್ಲಿ ತನ್ನ ಅಸ್ತ್ರ ಇಟ್ಟುಕೊಂಡು ಕೂರಬೇಕು. ನನಗೆ ಇದು ಸಾಲಕ್ಕಿಂತ ದೊಡ್ಡ ತೊಂದರೆಯಾಗಿ ಕಾಣುತ್ತದೆ.

ಶಂಕರಘಟ್ಟದ ವಿದ್ಯಾರ್ಥಿನಿ:
ಭದ್ರತಾ ಮಂಡಳಿಯ ಕಾಯಂ ಸೀಟು ಹೋಗುತ್ತದಾ ಸರ್?

ಹೊಸನಗರ ಮಾಜಿ ಸೈನಿಕ:
ಹೋಗುವ ಸಾಧ್ಯತೆ ಕಡಿಮೆ ತಂಗಿ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಆ ಸೀಟಿನಲ್ಲಿ ರಷ್ಯಾ ಮುಂದುವರಿಯಿತು. ಕೊನೆಗೆ ಸೋವಿಯತ್ ಸಾಲವನ್ನೂ ರಷ್ಯಾವೇ ಹೊತ್ತಿತು. ಬ್ಯಾಂಕಿನವರು ಹೇಳಿದ್ದು ಅಲ್ಲೂ ಆಯಿತು. ಇನ್ನೊಂದು ನೋಡಿ, ಬೈಕನೂರ್ ಉಡಾವಣಾ ಕೇಂದ್ರ ಕಜಕಸ್ತಾನದ ಪಾಲಾಯಿತು. ಗಗಾರಿನ್ ಹಾರಿದ ಜಾಗಕ್ಕೆ ರಷ್ಯಾ ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ ಕೊಡುತ್ತದೆ.

ಸೊರಬದ ಗೌಡ:
ಬ್ರಿಟನ್ನಿನಂಥ ಶ್ರೀಮಂತರ ಕಥೆ ಬಿಡಿ. ಸುಡಾನ್ ನೋಡಿ. ಅದು ನಮ್ಮ ಜಿಲ್ಲೆಯವರೆಗೂ ಬಂದು ತಟ್ಟಿದೆ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದು ನೆನಪಿದೆಯಾ? ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋದವರು. ಶಿವಮೊಗ್ಗದವರು, ಚನ್ನಗಿರಿ ಕಡೆಯವರು ಇದ್ದರು. ಅಲ್ ಫಾಶಿರ್ ಊರಿನ ಬಾಡಿಗೆ ಮನೆಗಳಲ್ಲಿ ಊಟ ನೀರಿಲ್ಲದೆ ಕೂತಿದ್ದರು. ಆಮೇಲೆ ಆಪರೇಷನ್ ಕಾವೇರಿ ಅಂತ ಮಾಡಿ ಭಾರತ ಸರ್ಕಾರ ಸಾವಿರಾರು ಜನರನ್ನು ಕರೆತಂದಿತು.

ಆ ದೇಶ ಹಾಗಾಗಲು ಒಂದು ಕಾರಣ 2011. ಆ ವರ್ಷ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆಯಾಯಿತು. ಜನಮತದಲ್ಲಿ ಶೇ 98ಕ್ಕಿಂತ ಜಾಸ್ತಿ ಜನ ಬೇರೆಯಾಗಬೇಕು ಅಂದಿದ್ದರು. ಅವರಿಗೆ ಅದಕ್ಕೆ ನ್ಯಾಯವಾದ ಕಾರಣ ಇತ್ತು, ಎರಡು ದೀರ್ಘ ಯುದ್ಧ ಕಂಡವರು. ಆದರೆ ಉತ್ತರದಲ್ಲಿ ಉಳಿದ ಸಾಮಾನ್ಯ ಜನರ ಪಾಡು ನೋಡಿ. ಒಟ್ಟು ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ದಕ್ಷಿಣಕ್ಕೆ ಹೋಯಿತು. ಸರ್ಕಾರದ ಆದಾಯ ನಿಂತಿದ್ದೇ ಎಣ್ಣೆಯ ಮೇಲೆ. ಪೈಪ್‌ಲೈನ್, ಬಂದರು ಮಾತ್ರ ಉತ್ತರದಲ್ಲಿ ಉಳಿದವು. ಎಣ್ಣೆ ಒಬ್ಬರದು, ಪೈಪು ಇನ್ನೊಬ್ಬರದು. ಸಾಗಣೆಗೆ ಎಷ್ಟು ಶುಲ್ಕ ಅಂತ ಮೊದಲೇ ಒಪ್ಪಂದ ಆಗಿರಲಿಲ್ಲ. ಜಗಳ ಹತ್ತಿ 2012ರ ಜನವರಿಯಲ್ಲಿ ದಕ್ಷಿಣದವರು ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿದರು. ಇಬ್ಬರ ಖಜಾನೆಯೂ ಬರಿದಾಯಿತು. ಆ ಎಣ್ಣೆಬಾವಿಗಳಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿಯ ಬಂಡವಾಳವೂ ಇತ್ತು.

ಉತ್ತರದಲ್ಲಿ ಡಾಲರ್ ಬರುವುದು ಕಡಿಮೆಯಾಯಿತು. ಸುಡಾನ್ ಪೌಂಡ್ ಕುಸಿಯಿತು. 2013ರಲ್ಲಿ ಇಂಧನದ ಸಬ್ಸಿಡಿ ಕಡಿತ ಮಾಡಿದಾಗ ಜನ ಬೀದಿಗೆ ಬಂದರು, ಗುಂಡೇಟಿಗೆ ಸತ್ತರು. 2018ರ ಡಿಸೆಂಬರಿನಲ್ಲಿ ಬ್ರೆಡ್ಡಿನ ಬೆಲೆ ಏರಿದಾಗ ಮತ್ತೆ ಚಳವಳಿ. 2019ರ ಏಪ್ರಿಲ್‌ನಲ್ಲಿ 30 ವರ್ಷ ಆಳಿದ ಬಶೀರ್ ಇಳಿದರು. ಆಮೇಲೆ ಸೇನೆಯೊಳಗಿನ ಕಿತ್ತಾಟ. ಅದು ಕೊನೆಗೆ 2023ರ ಯುದ್ಧ.

ಭದ್ರಾವತಿ ಮೇಷ್ಟ್ರು:
ಗೌಡರೇ, ಆರ್ಥಿಕ ಭಾಗ ಒಪ್ಪುತ್ತೇನೆ. ಯುದ್ಧದ ಭಾಗ ಒಪ್ಪುವುದಿಲ್ಲ. 2023ರಲ್ಲಿ ಸೇನೆಯ ವಿರುದ್ಧ ನಿಂತ ಆರ್‌ಎಸ್‌ಎಫ್ ಪಡೆಯ ಬೇರು ಸುಡಾನಿನ ಪಶ್ಚಿಮದ ದಾರ್ಫುರ್‌ನಲ್ಲಿದೆ. ಅಲ್ಲಿ ಯುದ್ಧ ಶುರುವಾಗಿದ್ದು 2003ರಲ್ಲಿ. ದಕ್ಷಿಣ ಬೇರೆಯಾಗುವುದಕ್ಕೆ ಎಂಟು ವರ್ಷ ಮೊದಲು. ದಕ್ಷಿಣ ಹೋಗದಿದ್ದರೂ ಆ ಪಡೆ ಇರುತ್ತಿತ್ತು. ಎಲ್ಲವನ್ನೂ 2011ರ ತಲೆಗೆ ಕಟ್ಟಿದರೆ ಬಶೀರ್ ಆಡಳಿತ ಮಾಡಿದ್ದು ಮರೆತುಹೋಗುತ್ತದೆ.

ಸೊರಬದ ಗೌಡ:
ಪಡೆ ಇರುತ್ತಿತ್ತು ಮೇಷ್ಟ್ರೇ. ಅದನ್ನು ಹಣ ಕೊಟ್ಟು ಹಿಡಿತದಲ್ಲಿಡಲು ಖಜಾನೆ ಇರುತ್ತಿತ್ತು. ಖಜಾನೆ ಖಾಲಿಯಾದ ಮೇಲೆ ಆ ಪಡೆ ಚಿನ್ನದ ಗಣಿಗೆ ಕೈಹಾಕಿ ಸ್ವಂತ ಬಲ ಬೆಳೆಸಿಕೊಂಡಿತು. ನಾನು ಹೇಳಿದ್ದು ಒಂದು ಕಾರಣ ಅಂತ, ಅದೇ ಪೂರ್ತಿ ಕಾರಣ ಅಂತ ಅಲ್ಲ.

ಭದ್ರಾವತಿ ಮೇಷ್ಟ್ರು:
ಪಾಕಿಸ್ತಾನವನ್ನೂ ನೋಡಬೇಕು. ಅಲ್ಲಿ ಹೋಗಿದ್ದು ಚಿಕ್ಕ ಭಾಗವಲ್ಲ, ದೊಡ್ಡ ಭಾಗ. 1970ರ ಚುನಾವಣೆಯಲ್ಲಿ 300 ಸಾಮಾನ್ಯ ಸೀಟುಗಳಲ್ಲಿ 162 ಪೂರ್ವ ಪಾಕಿಸ್ತಾನದವು. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಆ ಕಡೆ. ಸೆಣಬು ರಫ್ತಿನ ವಿದೇಶಿ ಹಣವೂ ಆ ಕಡೆಯಿಂದ ಬರುತ್ತಿತ್ತು. 1971ರಲ್ಲಿ ಅದು ಬಾಂಗ್ಲಾದೇಶವಾಯಿತು. 1972ರ ಮೇ ತಿಂಗಳಲ್ಲಿ ಭುಟ್ಟೋ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 11 ಆಯಿತು.

ಇದಕ್ಕಿಂತ ಮುಖ್ಯವಾದದ್ದು ಒಳಗಿನ ತೂಕ ಬದಲಾದದ್ದು. ಪೂರ್ವ ಹೋದ ಮೇಲೆ ಉಳಿದ ಪಾಕಿಸ್ತಾನದಲ್ಲಿ ಪಂಜಾಬ್ ಒಂದರದ್ದೇ ಅರ್ಧಕ್ಕಿಂತ ಜಾಸ್ತಿ ಜನ. ಸಿಂಧ್, ಬಲೂಚಿಸ್ತಾನದ ಮಾತಿಗೆ ಮೊದಲಿನ ಬಲ ಉಳಿಯಲಿಲ್ಲ. 1973ರಲ್ಲಿ ಬಲೂಚಿಸ್ತಾನದ ಸರ್ಕಾರವನ್ನು ವಜಾ ಮಾಡಿದರು, ಅಲ್ಲಿ ದಂಗೆ ಎದ್ದಿತು.

ಶಂಕರಘಟ್ಟದ ವಿದ್ಯಾರ್ಥಿನಿ:
ಮೇಷ್ಟ್ರು ಹೇಳಿದ ತೂಕದ ಲೆಕ್ಕವನ್ನು ಬ್ರಿಟನ್ನಿಗೆ ಹಾಕಿ ನೋಡಿದೆ. ಈಗ ಬ್ರಿಟನ್ನಿನ ಜನರಲ್ಲಿ ಇಂಗ್ಲೆಂಡಿನವರು ಸುಮಾರು ಶೇ 84. ಸ್ಕಾಟ್ಲೆಂಡ್ ಹೋದರೆ ಸುಮಾರು ಶೇ 92. ವೇಲ್ಸಿನವರು 31 ಲಕ್ಷ, ಉತ್ತರ ಐರ್ಲೆಂಡಿನವರು 19 ಲಕ್ಷ. ಅವರ ಮಾತು ಯಾರಿಗೆ ಕೇಳುತ್ತದೆ?

ಪಾರ್ಲಿಮೆಂಟಿನಲ್ಲೂ ಹಾಗೆಯೇ. 2014ರಲ್ಲಿ 650 ಸೀಟುಗಳಲ್ಲಿ ಸ್ಕಾಟ್ಲೆಂಡಿನವು 59. 2010ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 306 ಸೀಟು ಸಿಕ್ಕಿ ಮೈತ್ರಿ ಸರ್ಕಾರ ಮಾಡಬೇಕಾಯಿತು. ಅದರಲ್ಲಿ ಸ್ಕಾಟ್ಲೆಂಡಿನಿಂದ ಗೆದ್ದದ್ದು ಒಂದೇ. ಸ್ಕಾಟ್ಲೆಂಡ್ ಇಲ್ಲದ 591 ಸೀಟುಗಳ ಸಭೆಯಾಗಿದ್ದರೆ 305ರಲ್ಲಿ ಸ್ಪಷ್ಟ ಬಹುಮತ. ಉಳಿದ ದೇಶದ ರಾಜಕೀಯವೇ ಬೇರೆ ಆಗುತ್ತಿತ್ತು.

ಸಾಗರದ ಮಾಣಿ:
ಇದು ಒಳ್ಳೆಯ ಲೆಕ್ಕ. ಆದರೆ 1997, 2001, 2005ರಲ್ಲಿ ಲೇಬರ್ ಪಕ್ಷಕ್ಕೆ ಸ್ಕಾಟ್ಲೆಂಡ್ ಇಲ್ಲದೆಯೂ ಬಹುಮತ ಇತ್ತು. ಎಲ್ಲ ಚುನಾವಣೆಗೂ 2010ರ ಲೆಕ್ಕ ಅನ್ವಯಿಸುವುದಿಲ್ಲ.

ಕೊಪ್ಪದ ಅಕ್ಕ:
ಒಳ್ಳೆಯದಾಗಿ ಬೇರೆಯಾದವರೇ ಇಲ್ಲವಾ? ಎಲ್ಲರೂ ಯುದ್ಧವನ್ನೇ ಹೇಳುತ್ತಿದ್ದೀರಿ.

ನಿವೃತ್ತ ಬ್ಯಾಂಕಿನವರು:
ಇದ್ದಾರೆ. ಚೆಕೊಸ್ಲೊವಾಕಿಯಾ, 1993ರ ಜನವರಿ 1. ಮೊದಲೇ ಕೂತು ಕಾನೂನು ಮಾಡಿಕೊಂಡರು. ಆಸ್ತಿಯನ್ನು ಜನಸಂಖ್ಯೆ ನೋಡಿ ಎರಡಕ್ಕೆ ಒಂದರಂತೆ ಹಂಚಿದರು. ನಾಣ್ಯ ಸ್ವಲ್ಪ ಕಾಲ ಒಂದೇ ಇರಲಿ ಅಂದುಕೊಂಡಿದ್ದರು. ಜನ ಸ್ಲೊವಾಕಿಯಾದಿಂದ ಚೆಕ್ ಬ್ಯಾಂಕುಗಳಿಗೆ ಹಣ ಸಾಗಿಸತೊಡಗಿದರು. ಐದೂವರೆ ವಾರದಲ್ಲೇ, ಫೆಬ್ರುವರಿ 8ಕ್ಕೆ, ಹಳೆಯ ನೋಟಿಗೆ ಸ್ಟಾಂಪು ಅಂಟಿಸಿ ಎರಡು ನಾಣ್ಯ ಮಾಡಿದರು. ಜನಮತ ಕೇಳಲೇ ಇಲ್ಲ ಅನ್ನುವ ಬೇಸರ ಹಲವರಿಗೆ ಉಳಿಯಿತು. ಆದರೆ ರಕ್ತ ಹರಿಯಲಿಲ್ಲ. 2004ರಲ್ಲಿ ಎರಡೂ ದೇಶ ಒಂದೇ ದಿನ ಯುರೋಪಿಯನ್ ಒಕ್ಕೂಟ ಸೇರಿದವು.

ಹೊಸನಗರ ಮಾಜಿ ಸೈನಿಕ:
ಅವರಿಬ್ಬರಿಗೂ ಸಮುದ್ರವೇ ಇರಲಿಲ್ಲ, ಬಂದರಿನ ಜಗಳ ಬರಲಿಲ್ಲ. ಇಥಿಯೋಪಿಯಾ ನೋಡಿ. 1993ರಲ್ಲಿ ಎರಿಟ್ರಿಯಾ ಹೋದಾಗ ಇಡೀ ಕರಾವಳಿ ಹೋಯಿತು. ಮೊದಲು ಅಸಾಬ್ ಬಂದರು ಬಳಸಲು ಬಿಟ್ಟಿದ್ದರು. 1998ರಿಂದ 2000ದವರೆಗೆ ಯುದ್ಧ ಆಯಿತು, ಅದೂ ಮುಚ್ಚಿತು. ಈಗ 10 ಕೋಟಿಗೂ ಹೆಚ್ಚು ಜನರ ದೇಶ ಹೆಚ್ಚುಕಡಿಮೆ ಎಲ್ಲ ಸರಕಿಗೂ ಜಿಬೂಟಿ ಅನ್ನುವ ಪುಟ್ಟ ದೇಶದ ಬಂದರು ನೆಚ್ಚಿಕೊಂಡಿದೆ. 2024ರ ಜನವರಿಯಲ್ಲಿ, ಸೊಮಾಲಿಯಾದಿಂದ ಬೇರೆಯಾದೆ ಅನ್ನುವ ಸೊಮಾಲಿಲ್ಯಾಂಡ್ ಜೊತೆ ಸಮುದ್ರದ ದಾರಿಗಾಗಿ ಒಪ್ಪಂದ ಮಾಡಲು ಹೋಗಿ ಸೊಮಾಲಿಯಾದ ಸಿಟ್ಟು ಕಟ್ಟಿಕೊಂಡಿತು. 30 ವರ್ಷವಾದರೂ ಗಾಯ ಮಾಗಿಲ್ಲ.

ಅಡಿಕೆ ಮಂಡಿ:
ಒಂದು ಮಾತು. ಬರ್ಮಾ 1937ರ ಏಪ್ರಿಲ್ 1ರವರೆಗೆ ಬ್ರಿಟಿಷ್ ಇಂಡಿಯಾದ ಒಳಗೇ ಇತ್ತು. ಅಲ್ಲಿಯವರೆಗೆ ಆ ಕಡೆಯ ಅಕ್ಕಿ, ತೇಗ, ಅಡಿಕೆ ಎಲ್ಲ ಒಳನಾಡಿನ ಸರಕು. ಈಗ ಅದೇ ಬರ್ಮಾ ಅಡಿಕೆ ಕಳ್ಳದಾರಿಯಲ್ಲಿ ಬಂದರೆ ನಮ್ಮ ಮಂಡಿಯಲ್ಲಿ ರೇಟು ಅಲುಗಾಡುತ್ತದೆ. ಕೆಜಿಗೆ 351 ರೂಪಾಯಿ ಕನಿಷ್ಠ ಆಮದು ದರ ಹಾಕಿದ್ದರೂ ತಡೆಯುವುದು ಕಷ್ಟ. ಗಡಿ ಬಿತ್ತು ಅಂದರೆ ಸುಂಕ ಬಂತು, ಸುಂಕದ ಜೊತೆ ಕಳ್ಳಸಾಗಣೆ ಬಂತು. ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ನಡುವೆ 150 ಕಿಲೋಮೀಟರ್ ಮೇಲೆ ಗಡಿ ಇದೆ. 2016ರಲ್ಲಿ ಸ್ಕಾಟ್ಲೆಂಡಿನ ಶೇ 62 ಜನ ಯುರೋಪಿಯನ್ ಒಕ್ಕೂಟದಲ್ಲೇ ಇರೋಣ ಅಂದವರು. ನಾಳೆ ಅವರು ಒಕ್ಕೂಟ ಸೇರಿದರೆ ಆ ರಸ್ತೆಗಳ ಮೇಲೆ ಸರಕಿನ ತಪಾಸಣೆ ಕೂರುತ್ತದೆ. ಗಡಿಯ ಪಕ್ಕದ ಇಂಗ್ಲೆಂಡಿನ ರೈತನನ್ನು ಕೇಳಿ, ಏನೂ ಆಗುವುದಿಲ್ಲ ಅಂತಾನಾ?

ಸೊರಬದ ಗೌಡ:
ಮಂಡಿಯವರೇ, ಭೂತಾನದಿಂದ ಹಸಿ ಅಡಿಕೆ ಬರಲು ಬಿಟ್ಟಿದ್ದನ್ನೂ ಹೇಳಿ. ಅದು ಕಳ್ಳದಾರಿ ಅಲ್ಲ, ಸರ್ಕಾರವೇ ತೆರೆದ ದಾರಿ.

ಅಡಿಕೆ ಮಂಡಿ:
ಅದಕ್ಕೆ ಬೇರೆಯೇ ಚರ್ಚೆ ಬೇಕು ಗೌಡರೇ. ಎಲೆಚುಕ್ಕಿ ರೋಗದ ಮಾತೂ ಸೇರಿಸಿ ಬರೆಯೋಣ.

ಸಾಗರದ ಮಾಣಿ:
ದೂರದ್ದು ಯಾಕೆ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮ್ಮ ಚನ್ನಗಿರಿ, ಹೊನ್ನಾಳಿ ಹೋದವು. ಶಿವಮೊಗ್ಗ ಮುಳುಗಿತಾ? ನಾಳೆ ಸಾಗರ ಜಿಲ್ಲೆಯಾದರೂ ಮುಳುಗುವುದಿಲ್ಲ.

ಭದ್ರಾವತಿ ಮೇಷ್ಟ್ರು:
ಜಿಲ್ಲೆ ಬೇರೆ, ದೇಶ ಬೇರೆ. ಜಿಲ್ಲೆಗೆ ಸ್ವಂತ ಸಾಲ ಇಲ್ಲ, ಸೇನೆ ಇಲ್ಲ, ನೋಟಿಲ್ಲ. ಆದರೂ ಭದ್ರಾ ನಾಲೆಯ ನೀರು ಬಿಡುವ ಹೊತ್ತಿಗೆ ದಾವಣಗೆರೆ ರೈತರಿಗೂ ಈ ಕಡೆಯವರಿಗೂ ಎಷ್ಟು ಎಳೆದಾಟ ಆಗುತ್ತದೆ, ನೋಡಿದ್ದೀರಲ್ಲ. ಒಂದೇ ರಾಜ್ಯದ ಒಳಗೇ ಇಷ್ಟು.

ನಿಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಆಂಧ್ರ. ಅದೂ ದೇಶ ಅಲ್ಲ, ಆದರೆ ಉಳಿದವರ ಕಷ್ಟ ಅರ್ಥವಾಗುತ್ತದೆ. 2014ರ ಜೂನ್ 2ರಂದು ತೆಲಂಗಾಣ ಆಯಿತು. ಹೆಸರು ಆಂಧ್ರಕ್ಕೆ ಉಳಿಯಿತು, ಹೈದರಾಬಾದ್ ತೆಲಂಗಾಣಕ್ಕೆ ಹೋಯಿತು. ಸಾಲವನ್ನು ಜನಸಂಖ್ಯೆ ನೋಡಿ 58.32ಕ್ಕೆ 41.68ರಂತೆ ಹಂಚಿದರು. ಆದಾಯ ತರುವ ನಗರವನ್ನು ಹಾಗೆ ಹಂಚಲು ಆಗುವುದಿಲ್ಲವಲ್ಲ. ಹತ್ತು ವರ್ಷ ಜಂಟಿ ರಾಜಧಾನಿ ಅಂದರು, 2024ರಲ್ಲಿ ಅದೂ ಮುಗಿಯಿತು. ಶ್ರೀಶೈಲ, ನಾಗಾರ್ಜುನ ಸಾಗರದ ನೀರಿಗೆ ಇನ್ನೂ ಜಗಳ.

ತೀರ್ಥಹಳ್ಳಿ ತೋಟದವರು:
ಎಲ್ಲರದನ್ನೂ ಓದಿದೆ. ಒಂದು ಆಶ್ಚರ್ಯ. ಬ್ರಿಟನ್ನಿನಿಂದ ಒಂದು ಭಾಗ ಆಗಲೇ ಹೋಗಿದೆ, 1922ರಲ್ಲಿ, ಉತ್ತರ ಭಾಗ ಬಿಟ್ಟು ಉಳಿದ ಐರ್ಲೆಂಡ್. ಯಾರೂ ಹೆಸರೆತ್ತಲಿಲ್ಲ.

ಅಲ್ಲಿ ಆದದ್ದು ಹೀಗೆ. ಐರಿಷ್ ರೈತರು ಜಮೀನ್ದಾರರಿಂದ ಭೂಮಿ ಕೊಳ್ಳಲು ಬ್ರಿಟಿಷ್ ಸರ್ಕಾರ ಹಿಂದೆ ಸಾಲ ಕೊಟ್ಟಿತ್ತು. ಬೇರೆಯಾದ ಮೇಲೂ ಅದರ ಕಂತು ಲಂಡನ್ನಿಗೆ ಹೋಗುತ್ತಿತ್ತು. 1932ರಲ್ಲಿ ಐರ್ಲೆಂಡಿನ ಡಿ ವಲೇರಾ ಸರ್ಕಾರ ಕೊಡುವುದಿಲ್ಲ ಅಂದಿತು. ಬ್ರಿಟನ್ ಐರಿಷ್ ದನಗಳ ಮೇಲೆ ಸುಂಕ ಹಾಕಿತು. ಅವರು ಬ್ರಿಟಿಷ್ ಕಲ್ಲಿದ್ದಲಿನ ಮೇಲೆ ಹಾಕಿದರು. ಆರು ವರ್ಷ ಹೀಗೇ ನಡೆದು 1938ರಲ್ಲಿ ಒಂದು ಕೋಟಿ ಪೌಂಡಿಗೆ ಇತ್ಯರ್ಥವಾಯಿತು. ಬ್ರಿಟನ್ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದ ಮೂರು ಬಂದರುಗಳನ್ನೂ ಅದೇ ವರ್ಷ ಬಿಟ್ಟುಕೊಟ್ಟಿತು. ಮರುವರ್ಷವೇ ಮಹಾಯುದ್ಧ ಬಂತು, ಐರ್ಲೆಂಡ್ ತಟಸ್ಥವಾಗಿ ನಿಂತಿತು. ಅಟ್ಲಾಂಟಿಕ್ಕಿನಲ್ಲಿ ಹಡಗು ಕಾಯಲು ಆ ಬಂದರುಗಳು ಇಲ್ಲವಲ್ಲ ಅಂತ ಚರ್ಚಿಲ್ ಸಿಟ್ಟಾದರು. ಸೈನಿಕರು ಫಾಸ್‌ಲೇನ್ ಬಗ್ಗೆ ಹೇಳಿದ್ದು ಒಮ್ಮೆ ಆಗಿಹೋದ ಸಂಗತಿ.

ನನಗೆ ಅನ್ನಿಸುವುದು ಇಷ್ಟು. ಬೇರೆಯಾಗುವ ಹಕ್ಕನ್ನು ನಾನು ಪ್ರಶ್ನೆ ಮಾಡುವುದಿಲ್ಲ. ಆದರೆ ಸಾಲ, ಬಂದರು, ಪೈಪು, ನೀರು, ಇವುಗಳ ಲೆಕ್ಕ ವೋಟಿಗೆ ಮೊದಲು ಜನರ ಮುಂದೆ ಇರಬೇಕು. ಸುಡಾನಿನಲ್ಲಿ ಇರಲಿಲ್ಲ. ಐರ್ಲೆಂಡಿನಲ್ಲಿ ಅರ್ಧ ಇತ್ತು. ಉಳಿಯುವವರಿಗೆ ವೋಟಿಲ್ಲ, ಮಾತಾದರೂ ಇರಬೇಕಲ್ವಾ?

ಶಂಕರಘಟ್ಟದ ವಿದ್ಯಾರ್ಥಿನಿ:
ಕೆನಡಾದಲ್ಲಿ ಅದನ್ನು ಕೋರ್ಟಿನವರೆಗೆ ಒಯ್ದರು ಸರ್. 1995ರಲ್ಲಿ ಕ್ವಿಬೆಕ್ ಪ್ರಾಂತ್ಯದ ಜನಮತದಲ್ಲಿ ಬೇರೆಯಾಗುವುದು ಬೇಡ ಅಂದವರು ಶೇ 50.58 ಮಾತ್ರ, ಅಷ್ಟು ಹತ್ತಿರ ಬಂದಿತ್ತು. 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಂದು ಪ್ರಾಂತ್ಯ ತಾನೇ ಎದ್ದು ಹೋಗುವಂತಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು. ನನಗೆ ಇದು ನ್ಯಾಯವಾಗಿ ಕಾಣುತ್ತದೆ.

ಕೊಪ್ಪದ ಅಕ್ಕ:
ಬ್ರಿಟನ್ನಿನಲ್ಲಿ ಹಾಗಿಲ್ಲ. ಲಂಡನ್ ಒಪ್ಪದೆ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಜನಮತ ನಡೆಸುವಂತಿಲ್ಲ ಅಂತ 2022ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ಉಳಿಯುವವರಿಗೆ ಬರೀ ಮಾತಲ್ಲ, ಬೀಗದ ಕೈಯೇ ಇದೆ. ಇದು ಸರಿಯಾ? ಸ್ಕಾಟ್ಲೆಂಡಿನ ಜನ ಯಾರನ್ನು ಕೇಳಬೇಕು?

ಸಾಗರದ ಮಾಣಿ:
ಅಕ್ಕನ ಮಾತಿಗೆ ನನ್ನದೂ ಒಪ್ಪಿಗೆ. ತೋಟದವರೇ, ನಿಮ್ಮ ಅಣ್ಣನ ಮಗಳಿಗೆ ಇನ್ನೊಂದು ವಿಷಯ ಹೇಳಿ. 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶದವರಿಗೂ ವೋಟಿತ್ತು. ವೀಸಾ ಇದ್ದು ಹೆಸರು ನೋಂದಾಯಿಸಿದ್ದರೆ ಭಾರತದ ವಿದ್ಯಾರ್ಥಿಗಳೂ ಹಾಕಬಹುದಿತ್ತು. ಲಂಡನ್ನಿನಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರಿಗೆ ಇರಲಿಲ್ಲ.

ತೀರ್ಥಹಳ್ಳಿ ತೋಟದವರು:
ಇದು ಗೊತ್ತಿರಲಿಲ್ಲ. ಒಂದು ವರ್ಷ ಓದಲು ಹೋದವಳು 300 ವರ್ಷದ ದೇಶ ಒಡೆಯಬೇಕಾ ಬೇಡವಾ ಅಂತ ವೋಟು ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಕೊಪ್ಪದ ಅಕ್ಕ:
ಯಾಕೆ ಒಪ್ಪಿಗೆ ಇಲ್ಲ? ಅಲ್ಲಿ ಬಾಡಿಗೆ ಕಟ್ಟುತ್ತಾಳೆ, ಪಾರ್ಟ್ ಟೈಮ್ ಕೆಲಸ ಮಾಡಿದರೆ ತೆರಿಗೆ ಕಟ್ಟುತ್ತಾಳೆ. ಅವಳನ್ನೇ ಕೇಳಿ ನೋಡಿ, ಏನು ಹೇಳುತ್ತಾಳೆ ಇಲ್ಲಿ ಬರೆಯಿರಿ.

ನಿವೃತ್ತ ಬ್ಯಾಂಕಿನವರು:
ನಾನು ತೋಟದವರ ಕಡೆ. ವೋಟು ಹಾಕಿ ಊರಿಗೆ ವಾಪಸ್ ಬರುತ್ತಾಳೆ. ಸಾಲದ ಕಂತು ಕಟ್ಟುವವರು ಅಲ್ಲೇ ಇರುತ್ತಾರೆ.